ಮೀಸೆ ಅಂಟಿಸಿ ತೆರೆದ ಲಾಕರ್

ಹೋದ ವರ್ಷ ಮಾಘ ಮಾಸದಲ್ಲಿ ನಮ್ಮ ಮಗಳು ರಶ್ಮಿಯ ಮದುವೆಯಾಯಿತು. ಮದುವೆ ಮನೆ ಎಂದ ಮೇಲೆ ಒಂದಲ್ಲ ಒಂದು ಎಡವಟ್ಟು ಇದ್ದದ್ದೇ. ಒಬ್ಬರ ಮದುವೆಯಲ್ಲಿ ಸಾರು ಕಡಿಮೆ ಬೀಳುತ್ತದೆ, ಇನ್ನೊಬ್ಬರ ಮದುವೆಗೆ ವಾಲಗದವರೇ ತಡವಾಗಿ ಬರುತ್ತಾರೆ. ಆದರೆ ನಮ್ಮ ಮನೆಯಲ್ಲಿ ಆದದ್ದು ಬೇರೆ ಯಾರ ಮನೆಯಲ್ಲೂ ಆಗಿರಲಾರದು. ಅದಕ್ಕೆ ಕಾರಣ ನಾನೇ. ನಮ್ಮನೆಯವರು ಇದನ್ನು ಬಂದ ನೆಂಟರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ನಾನೇ ಬರೆದುಬಿಡುವುದು ಒಳ್ಳೆಯದು.

ನಮ್ಮದು ದೊಡ್ಡಬೆಳವಂಗಲದ ಹತ್ತಿರ ಒಂದು ಹಳ್ಳಿ. ನಮ್ಮನೆಯವರು ರಾಮಾಂಜಿನಪ್ಪ, ರಸ್ತೆ ಬದಿಯಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಸಣ್ಣದೊಂದು ಕೆಲಸ ಇಟ್ಟುಕೊಂಡಿದ್ದಾರೆ. ಆಳುಗಳಿದ್ದರೂ ಇವರ ಕೈ ಸುಮ್ಮನಿರುವುದಿಲ್ಲ. ಇಪ್ಪತ್ತು ವರ್ಷ ಸಿಮೆಂಟು, ಜಲ್ಲಿಪುಡಿಯಲ್ಲಿ ಆಡಿ ಆಡಿ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪುವುದಿಲ್ಲ, ಅಲ್ಲಿಗೆ ಯಾವಾಗಲೂ ನಾನೇ ಹೋಗಬೇಕು. ಆದರೆ ಮುಖದ ವಿಷಯದಲ್ಲಿ ಅವರಿಗೆ ದೇವರು ಕೊರತೆ ಮಾಡಿರಲಿಲ್ಲ. ತಲೆ ತುಂಬ ಕೂದಲು, ಮೇಲಕ್ಕೆ ತಿರುವಿದ ದಪ್ಪ ಮೀಸೆ. ಊರಿನಲ್ಲಿ ಬರೀ ರಾಮಾಂಜಿನಪ್ಪ ಎಂದರೆ ಯಾರು ಎಂದು ಕೇಳುತ್ತಾರೆ, ಮೀಸೆ ರಾಮಾಂಜಿನಪ್ಪ ಎಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ.

ನಮ್ಮ ಅತ್ತೆ ತೀರಿಕೊಳ್ಳುವ ಮುಂಚೆ ತಮ್ಮ ಕಾಸಿನ ಸರವನ್ನೂ ಸೊಂಟದ ಡಾಬನ್ನೂ ನನ್ನ ಕೈಗಿತ್ತು, "ರಶ್ಮಿ ಧಾರೆಗೆ ಇದನ್ನ ಹಾಕ್ಕೊಂಡು ನಿಂತ್ಕೋಬೇಕು ಕಣಮ್ಮ. ನಾನು ಇರ್ಲಿ, ಇಲ್ದೇ ಹೋಗ್ಲಿ" ಎಂದಿದ್ದರು. ರಶ್ಮಿ ಅಜ್ಜಿಯ ಮಡಿಲಲ್ಲೇ ಬೆಳೆದವಳು. ಮದುವೆಗೆ ಹೊಸ ಒಡವೆ ಬೇಕೆಂದು ಅವಳು ಒಂದು ದಿನವೂ ಕೇಳಲಿಲ್ಲ. ಅಜ್ಜಿಯ ಸರ ಒಂದಿದ್ದರೆ ಸಾಕು ಎನ್ನುತ್ತಿದ್ದಳು.

ಆ ಒಡವೆಗಳನ್ನು ಇಡಲು ಬ್ಯಾಂಕಿನಲ್ಲಿ ಲಾಕರ್ ಖಾಲಿ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಆಗಷ್ಟೇ ಒಂದು ಖಾಸಗಿ ಲಾಕರ್ ಕೇಂದ್ರ ತೆರೆದಿತ್ತು. ಗಾಜಿನ ಬಾಗಿಲು, ಸೋಫಾ, ತಣ್ಣಗೆ ಏಸಿ. ಅಲ್ಲಿನ ಚೈತ್ರ ಎಂಬ ಹುಡುಗಿ ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. "ಒಳಗಿನ ಬಾಗಿಲಿಗೆ ಬೀಗದ ಕೈ ಅಂತಾನೇ ಇಲ್ಲ ಆಂಟಿ. ಕ್ಯಾಮೆರಾ ಮುಖ ನೋಡುತ್ತೆ, ಗುರುತು ಸಿಕ್ಕಿದ್ರೆ ತೆಗೆಯುತ್ತೆ. ಮುಖ ಆಗ್ಲಿಲ್ಲ ಅಂದ್ರೆ ಬೆರಳು." ನಮ್ಮನೆಯವರ ಹತ್ತು ಬೆರಳನ್ನೂ ಒತ್ತಿಸಿ ನೋಡಿದಳು. ಒಂದನ್ನೂ ಯಂತ್ರ ಒಪ್ಪಲಿಲ್ಲ. "ಅಂಕಲ್‌ದು ಮುಖ ಒಂದೇ ಇರ್ಲಿ. ಆಂಟಿ, ಸೇಫ್ಟಿಗೆ ನಿಮ್ಮ ಮುಖಾನೂ ಹಾಕ್ಬಿಡ್ಲಾ?" ಎಂದಳು.

ನಾನು ಆ ದಿನ ತಲೆಗೆ ಎಣ್ಣೆ ಬಳಿದುಕೊಂಡು, ಮನೆಯಲ್ಲಿ ಉಡುವ ಸೀರೆಯಲ್ಲೇ ಬಸ್ಸು ಹತ್ತಿ ಬಂದಿದ್ದೆ. ಆ ಅವತಾರದಲ್ಲಿ ಫೋಟೋ ತೆಗೆಸಿಕೊಳ್ಳುವುದೇ? "ಇವತ್ತು ಬೇಡಮ್ಮ, ಇನ್ನೊಂದಿನ ಚೆನ್ನಾಗಿ ರೆಡಿಯಾಗಿ ಬರ್ತೀನಿ" ಎಂದೆ. ಆ ಇನ್ನೊಂದು ದಿನ ಎರಡು ವರ್ಷವಾದರೂ ಬರಲಿಲ್ಲ.

ನಮ್ಮನೆಯವರಿಗೆ ಮಾತ್ರ ಆ ಜಾಗ ಬಲು ಹಿಡಿಸಿತು. ಬಾಗಿಲ ಮುಂದೆ ನಿಂತರೆ ಪರದೆಯ ಮೇಲೆ "ನಮಸ್ಕಾರ ರಾಮಾಂಜಿನಪ್ಪ ಅವರೇ, ತಮಗೆ ಸ್ವಾಗತ" ಎಂದು ಅಕ್ಷರ ಮೂಡುತ್ತಿತ್ತು, ಹೆಣ್ಣುದನಿಯೊಂದು ಅದನ್ನೇ ಓದುತ್ತಿತ್ತು. ಒಳಗೆ ಹೋಗಿ ಕೂರುವಷ್ಟರಲ್ಲಿ ಸ್ಟ್ರಾಂಗ್ ಟೀ, ಸಕ್ಕರೆ ಕಡಿಮೆ, ಇವರಿಗೆ ಬೇಕಾದ ಹಾಗೆಯೇ ಬರುತ್ತಿತ್ತು. ಇವರ ಮುಖ ಕಂಡ ಕೂಡಲೇ ಅದೆಲ್ಲ ಚೈತ್ರಳ ಕಂಪ್ಯೂಟರಿನಲ್ಲಿ ಬರುತ್ತಿತ್ತಂತೆ. ಕೆಲಸವಿಲ್ಲದಿದ್ದರೂ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು. ಬಂದವರೇ ನನಗೆ ಚುಚ್ಚುತ್ತಿದ್ದರು. "ಮನೇಲಿ ಟೀ ಕೇಳಿದ್ರೆ ಇರ್ರೀ ಹಾಲು ಕಾದಿಲ್ಲ ಅಂತೀಯ. ಅಲ್ಲಿ ನೋಡು, ಮುಖ ತೋರಿಸಿದ್ರೆ ಸಾಕು."

ಇನ್ನು ನನ್ನ ಹರಕೆಯ ವಿಷಯ. ರಶ್ಮಿಗೆ ಮೂರು ಸಂಬಂಧ ಬಂದು ಬಂದು ತಪ್ಪಿಹೋಗಿದ್ದವು. ನಾಲ್ಕನೆಯವರು ನೋಡಿಕೊಂಡು ಹೋದ ದಿನ ದೇವರ ಮನೆಯಲ್ಲಿ ಕೈಮುಗಿದು, "ತಿಮ್ಮಪ್ಪಾ, ಇದೊಂದು ಕೂಡಿ ಬಂದ್ರೆ ನಮ್ಮನೆಯವರ ಮುಡಿ ಕೊಡಿಸ್ತೀನಿ, ಮೀಸೆ ಸಮೇತ" ಎಂದುಬಿಟ್ಟೆ. ನಿಶ್ಚಿತಾರ್ಥ ಆದ ಮೇಲೆ ಅವರಿಗೆ ತಿಳಿಸಿದೆ. ಅವರ ಕೈ ತಾನಾಗಿ ಮೀಸೆಗೆ ಹೋಯಿತು.

"ಹರಕೆ ನಿಂದು, ತಲೆ ನಂದಾ?"

"ನಾನು ಬೋಳಿಸ್ಕೊಂಡು ಮದುವೇಲಿ ನಿಂತ್ಕೊಂಡ್ರೆ ಚೆನ್ನಾಗಿರ್ತಿತ್ತಾ?"

ಮದುವೆ ಮುಗಿದ ಮೇಲೆ ಹೋಗಿ ಬನ್ನಿ ಎಂದು ಹಿರಿಯರು ಹೇಳಿದರೂ ನಾನು ಕೇಳಲಿಲ್ಲ. ಹರಕೆ ಬಾಕಿ ಇಟ್ಟುಕೊಂಡು ಧಾರೆ ಎರೆಯಬಾರದು ಎಂದು ಹಟ ಹಿಡಿದೆ. ಹೇಗೂ ಮೊದಲ ಲಗ್ನಪತ್ರಿಕೆ ದೇವರ ಮುಂದಿಡಲು ತಿರುಪತಿಗೆ ಹೋಗಲೇಬೇಕಿತ್ತು, ಆದರೆ ಚಪ್ಪರ, ಪತ್ರಿಕೆ ಎಂದು ಓಡಾಡಿ ಹೊರಟಿದ್ದು ಮದುವೆ ವಾರದಲ್ಲೇ. ಮುಡಿ ತೆಗೆಯುವ ಕಲ್ಯಾಣಕಟ್ಟೆಯ ಹೊರಗೆ ಕಾಯುತ್ತಿದ್ದ ನಾನು, ಬೋಳುತಲೆಗೆ ಗಂಧ ಬಳಿದುಕೊಂಡು ಬಂದ ಗಂಡಸರನ್ನೆಲ್ಲ ನೋಡುತ್ತಾ ಇವರನ್ನು ದಾಟಿಕೊಂಡೇ ಮುಂದೆ ಹೋಗಿದ್ದೆ. "ಲೇ ಜಯಾ, ಎಲ್ಲಿಗೆ ಹೋಗ್ತೀಯಾ, ನಾನು ಇಲ್ಲಿದೀನಿ ಕಣೇ" ಎಂದಾಗ ತಿರುಗಿ ನೋಡಿ ನಕ್ಕು ನಕ್ಕು ಸಾಕಾಯಿತು. ಆ ನಗುವಿಗೆ ಎರಡೇ ದಿನದಲ್ಲಿ ಬೆಲೆ ತೆತ್ತೆ.

ಶುಕ್ರವಾರ ಊರಿಗೆ ಬಂದೆವು. ಶನಿವಾರ ಸಂಜೆ ಆರಕ್ಕೆ ದೊಡ್ಡಬಳ್ಳಾಪುರದ ಛತ್ರದಲ್ಲಿ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ. ಶನಿವಾರ ಹನ್ನೊಂದೂವರೆಗೆ ಒಡವೆ ತರಲು ನಾವಿಬ್ಬರೂ ಲಾಕರ್ ಕೇಂದ್ರಕ್ಕೆ ಹೋದೆವು. ಶನಿವಾರ ಅದು ಎರಡು ಗಂಟೆಗೆ ಮುಚ್ಚುತ್ತದೆ, ಭಾನುವಾರ ರಜೆ. ನಮ್ಮನೆಯವರು ಅಭ್ಯಾಸದಂತೆ ಪರದೆಯ ಮುಂದೆ ನಿಂತರು. ನಮಸ್ಕಾರ ಬರಲಿಲ್ಲ. "ಕ್ಷಮಿಸಿ, ತಮ್ಮ ಗುರುತು ಸಿಗುತ್ತಿಲ್ಲ" ಎಂದಿತು. ಹತ್ತಿರ ಹೋದರು, ದೂರ ಬಂದರು, ತಲೆಯ ಮೇಲೆ ಟವೆಲ್ ಹಾಕಿಕೊಂಡರು. ಮೂರನೆಯ ಸಲಕ್ಕೆ ಕೆಂಪು ದೀಪ ಹತ್ತಿ ಪೀಂಯ್ ಎಂದು ಕೂಗತೊಡಗಿತು. ಸೆಕ್ಯುರಿಟಿಯವನು ಲಾಠಿ ಹಿಡಿದು ಓಡಿಬಂದ.

ಹಿಂದೆಯೇ ಬಂದ ಚೈತ್ರ ಒಂದು ಗಳಿಗೆ ಪಿಳಿಪಿಳಿ ನೋಡಿ, "ಅಯ್ಯೋ, ಅಂಕಲ್! ನೀವಾ?" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು.

"ನಾನೇ ಕಣಮ್ಮ. ನಿನ್ನ ಮಿಷನ್‌ಗೆ ಸ್ವಲ್ಪ ಹೇಳು."

ಅವಳ ನಗು ನಿಂತಿತು. "ನನಗೆ ಗೊತ್ತು ಅಂಕಲ್, ನೀವೇ ಅಂತ. ಆದ್ರೆ ಆ ಬಾಗಿಲು ನನ್ನ ಮಾತು ಕೇಳಲ್ವಲ್ಲ." ಲಾಕರಿನ ಕಾರ್ಡ್ ಸರಿಯಿತ್ತು, ಆಧಾರ್ ಸರಿಯಿತ್ತು, ಫೋನಿಗೆ ಬಂದ ಒಟಿಪಿಯೂ ಸರಿಯಿತ್ತು. ಹೊಸದಾಗಿ ಮುಖ ದಾಖಲಿಸಬೇಕೆಂದರೆ ಬೆಂಗಳೂರಿನ ಕಚೇರಿಯ ಒಪ್ಪಿಗೆ ಬೇಕಂತೆ. ಅವರು ಸೋಮವಾರ ನೋಡುತ್ತೇವೆ ಎಂದರು. ಬೆರಳನ್ನೂ ಮತ್ತೆ ನೋಡಿದೆವು. ಸೋಪು ಹಾಕಿ ತೊಳೆದು, ಎಣ್ಣೆ ಸವರಿ, ಒರೆಸಿ ಒತ್ತಿಸಿದೆವು. ಉಹೂಂ.

ಅಷ್ಟರಲ್ಲಿ ರಶ್ಮಿಯ ಫೋನು. "ಅಮ್ಮಾ, ಅಜ್ಜಿ ಸರ ತಗೊಂಡ್ರಾ? ಪಾರ್ಲರ್‌ನವರು ಸೀರೆಗೆ ಹೊಂದಿಸಿ ನೋಡ್ಬೇಕಂತೆ."

"ತಗೊಂಡ್ವಿ ಕಣೆ, ಬರ್ತಾ ಇದೀವಿ" ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಹರಕೆ ಹೊತ್ತವಳು ನಾನು, ಮುಂಚೆಯೇ ತೀರಿಸಬೇಕೆಂದವಳು ನಾನು, ಎಣ್ಣೆತಲೆಯ ನೆಪ ಹೇಳಿ ನನ್ನ ಮುಖ ದಾಖಲಿಸದೆ ಎದ್ದು ಬಂದವಳೂ ನಾನೇ. ನಮ್ಮನೆಯವರು ಒಂದು ಮಾತು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಕೂತು, "ಅಮ್ಮ ಹೋಗುವಾಗ ಕೇಳಿದ್ದು ಅದೊಂದೇ ಕಣೇ" ಎಂದರು.

ಎದುರಿನ ಗೋಡೆಯ ಮೇಲೆ ಒಂದು ನಾಟಕದ ಪೋಸ್ಟರ್ ಅಂಟಿಸಿದ್ದರು. ನಮ್ಮ ಕಡೆ ಸುಗ್ಗಿ ಮುಗಿಯಿತೆಂದರೆ ಹಳ್ಳಿ ಹಳ್ಳಿಯಲ್ಲೂ ಪೌರಾಣಿಕ ನಾಟಕ. ರಾಗಿ ಕೊಯ್ದವರೇ ಗದೆ ಹಿಡಿಯುತ್ತಾರೆ, ಹಾಲು ಕರೆಯುವವರೇ ಸಿಂಹಾಸನ ಏರುತ್ತಾರೆ. ಆ ಪೋಸ್ಟರಿನಲ್ಲಿ ನಮ್ಮ ಪಕ್ಕದೂರಿನ, ಮೀಸೆಯೇ ಸರಿಯಾಗಿ ಬೆಳೆಯದ ಒಬ್ಬರು ಇಷ್ಟುದ್ದ ಮೀಸೆ ಇಟ್ಟುಕೊಂಡು ರಾಜನಾಗಿ ನಿಂತಿದ್ದರು. ನನಗೆ ತಟ್ಟನೆ ಹೊಳೆಯಿತು.

"ಏಳ್ರೀ, ಡ್ರೆಸ್ ಅಂಗಡಿಗೆ ಹೋಗೋಣ."

"ಈಗ ಯಾವ ಡ್ರೆಸ್ಸು?"

"ನಿಮ್ಮ ಮೀಸೆ ತರೋಕೆ."

ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಾಟಕದ ಉಡುಪು ಬಾಡಿಗೆಗೆ ಕೊಡುವ ಮುನಿಯಪ್ಪ ಎಂಬ ಹಿರಿಯರಿದ್ದಾರೆ. ಬಣ್ಣ ಹಚ್ಚುವವರೂ ಅವರೇ. ಅಕ್ಕಪಕ್ಕದ ಮನೆಗಳ ಮಗ್ಗಗಳ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಬೇಕು. "ಯಾವ ಪಾತ್ರ?" ಎಂದು ಕೇಳಿದರು.

"ಪಾತ್ರ ಅಲ್ಲ ಅಣ್ಣ. ಇವರನ್ನ ಇವರ ಥರಾನೇ ಮಾಡ್ಬೇಕು" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಮುನಿಯಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ನಲವತ್ತು ವರ್ಷದಿಂದ ಬಣ್ಣ ಹಚ್ತಾ ಇದೀನಿ. ಮನುಷ್ಯರನ್ನ ದೇವ್ರು ಮಾಡಿದೀನಿ, ರಾಕ್ಷಸರನ್ನ ಮಾಡಿದೀನಿ. ಒಬ್ಬರನ್ನ ಅವರನ್ನೇ ಮಾಡಿಕೊಡಿ ಅಂತ ಕೇಳ್ದೋರು ನೀವೇ ಮೊದ್ಲು."

ಒಂದು ತಗಡಿನ ಡಬ್ಬ ತೆರೆದರು. ಒಳಗೆ ಬರೀ ಮೀಸೆಗಳು. ಒಂದೊಂದನ್ನೇ ನಮ್ಮನೆಯವರ ತುಟಿಯ ಮೇಲೆ ಹಿಡಿದು ನೋಡುತ್ತಾ ನನ್ನನ್ನು ಕೇಳಿದರು. "ಅಮ್ಮಾ, ಇವರ ಮೀಸೆ ಎರಡೂ ಕಡೆ ಒಂದೇ ಸಮ ಇತ್ತಾ, ಒಂದು ಕಡೆ ಜಾಸ್ತಿ ತಿರುವಿತ್ತಾ? ತುಟಿ ಮುಚ್ಚುತ್ತಿತ್ತಾ?"

ಮದುವೆಯಾಗಿ ಇಪ್ಪತ್ತೇಳು ವರ್ಷ. ಆ ಮೀಸೆಗೆ ಅಂಟಿದ ಮಜ್ಜಿಗೆಯನ್ನು ಒರೆಸಿಕೊಳ್ಳಿ ಎಂದು ಸಾವಿರ ಸಲ ಹೇಳಿದ್ದೇನೆ. ಅದು ಹೇಗಿತ್ತು ಎಂದು ಕೇಳಿದರೆ ಗೊತ್ತಿಲ್ಲ. ಫೋನಿನಲ್ಲಿ ಹುಡುಕಿದೆ. ರಶ್ಮಿಯ ಫೋಟೋ ನೂರಾರು ಇದ್ದವು, ಸೀರೆಗಳ ಫೋಟೋ, ಹಸುವಿನ ಫೋಟೋ, ಮಾಡಿದ ಅಡುಗೆಯ ಫೋಟೋ ಎಲ್ಲ ಇದ್ದವು. ಇವರದು ಒಂದೂ ನೆಟ್ಟಗಿರಲಿಲ್ಲ. ಮನೆಯ ಫೋಟೋ ತೆಗೆಯುವವರೇ ಇವರಾದ್ದರಿಂದ ಇವರು ಯಾವುದರಲ್ಲೂ ಸರಿಯಾಗಿ ಬಿದ್ದಿರಲಿಲ್ಲ. ಆಧಾರಿನ ಫೋಟೋದಲ್ಲಿ ಮೀಸೆ ಬರೀ ಮಸಿ ಬಳಿದ ಹಾಗಿತ್ತು. ನಮ್ಮನೆಯವರು ನನ್ನನ್ನು ನೋಡಿ ಮುಗುಳ್ನಕ್ಕರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

"ಲಾಕರ್‌ನವರ ಹತ್ರ ಫೋಟೋ ಇರುತ್ತಲ್ಲ?" ಎಂದು ದಾರಿ ತೋರಿಸಿದ್ದೂ ಮುನಿಯಪ್ಪನವರೇ. ಡಬ್ಬ, ಅಂಟು, ಕತ್ತರಿ, ಎರಡು ವಿಗ್ಗುಗಳನ್ನು ಚೀಲಕ್ಕೆ ತುಂಬಿ ನಮ್ಮ ಜೊತೆಗೇ ಹೊರಟರು. ಆಟೋ ಹಿಡಿದು ಬಂದಾಗ ಒಂದು ಗಂಟೆ ಹತ್ತು ನಿಮಿಷ.

ಚೀಲದೊಳಗಿನ ಮೀಸೆ, ವಿಗ್ಗು ನೋಡಿ ಸೆಕ್ಯುರಿಟಿಯವನು ಬಾಗಿಲಿಗೆ ಅಡ್ಡ ನಿಂತ. "ಏನ್ ಸ್ವಾಮಿ ಇದು? ಸುಳ್ಳು ಮೀಸೆ ಅಂಟಿಸ್ಕೊಂಡು ಲಾಕರ್‌ಗೆ ಬಂದೋರನ್ನ ನಮ್ಮಲ್ಲಿ ಕಳ್ಳ ಅಂತಾರೆ." ಅವನು ಹೇಳಿದ್ದೂ ಸರಿಯೇ ಇತ್ತು. ಚೈತ್ರ ತನ್ನ ಮೇಲಿನವರಿಗೆ ಫೋನ್ ಹಚ್ಚಿ ಎಲ್ಲವನ್ನೂ ವಿವರಿಸಿದಳು. ಆ ಕಡೆಯಿಂದ ಜೋರು ನಗು ನಮಗೂ ಕೇಳಿಸಿತು. ಕೊನೆಗೆ, "ಅವರದೇ ಮುಖ ತಾನೇ, ಬೇರೆ ದಾಖಲೆಯೂ ಸರಿಯಿದೆ. ನೀನು ಎದುರಿಗೇ ನಿಂತ್ಕೊಂಡು ನೋಡು, ಆಗಿದ್ದನ್ನೆಲ್ಲ ಬರೆದಿಡು" ಎಂದರು.

ಕಂಪ್ಯೂಟರಿನಲ್ಲಿ ನಮ್ಮನೆಯವರ ಫೋಟೋ ಬಂತು. ಆಗ ನೋಡಿದೆ, ಮೀಸೆಯ ಬಲತುದಿ ಮೇಲಕ್ಕೆ ಚೂಪಾಗಿ ನಿಂತಿತ್ತು, ಎಡತುದಿ ಸ್ವಲ್ಪ ಸೋತು ಬಾಗಿತ್ತು. ಮುನಿಯಪ್ಪನವರು ಮೊದಲು ಒಂದು ರಾಜನ ಮೀಸೆಯನ್ನು ಇದ್ದ ಹಾಗೆಯೇ ಅಂಟಿಸಿ, ವಿಗ್ಗು ಕೂರಿಸಿದರು. ಪರದೆ ಒಪ್ಪಲಿಲ್ಲ. "ಜಾಸ್ತಿ ಆಯ್ತು. ಇದು ಕೊನೇ ಸಾಲಲ್ಲಿ ಕೂತೋರಿಗೆ ಕಾಣೋ ಮೀಸೆ" ಎಂದು ತಾವೇ ಹೇಳಿಕೊಂಡು, ಫೋಟೋ ನೋಡುತ್ತಾ ಕತ್ತರಿ ಆಡಿಸತೊಡಗಿದರು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದೇ ಕೂದಲು ತೆಗೆದರು. ವಿಗ್ಗಿನ ಮುಂಗೂದಲನ್ನು ಹಿಂದಕ್ಕೆ ಬಾಚಿ ಎಣ್ಣೆ ಸವರಿದರು. ಚೈತ್ರ, ಸೆಕ್ಯುರಿಟಿಯವನು, ಲಾಕರ್‌ಗೆಂದು ಬಂದಿದ್ದ ಇಬ್ಬರು ಹೆಂಗಸರು, ಎಲ್ಲರೂ ಸುತ್ತ ನಿಂತು ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ ಎಂದು ಹೇಳಿಕೊಡುತ್ತಿದ್ದರು.

ಒಂದೂ ಮುಕ್ಕಾಲಿಗೆ ಎರಡನೆಯ ಸಲ ನಿಲ್ಲಿಸಿದೆವು. "ಕ್ಷಮಿಸಿ, ತಮ್ಮ ಗುರುತು ಸಿಗುತ್ತಿಲ್ಲ."

"ಇನ್ನೊಂದೇ ಸಲ ಆಂಟಿ. ಬೆಳಿಗ್ಗೆ ಕೂಗಿ ಬಿಟ್ಟಿತ್ತು, ಈ ಸಲಾನೂ ಮೂರು ತಪ್ಪಿದ್ರೆ ಅದೇ ಲಾಕ್ ಆಗ್ಬಿಡುತ್ತೆ" ಎಂದಳು ಚೈತ್ರ. ಅವಳ ದನಿಯೂ ಸಣ್ಣಗಾಗಿತ್ತು.

ನಾನು ಫೋಟೋ ನೋಡಿದೆ, ಇವರನ್ನು ನೋಡಿದೆ. ಮತ್ತೆ ಫೋಟೋ ನೋಡಿದೆ. ಮೀಸೆ ಅದೇ, ಕೂದಲು ಅದೇ. ಮನುಷ್ಯ ಮಾತ್ರ ಅವರಾಗಿರಲಿಲ್ಲ. ಫೋಟೋದಲ್ಲಿ ಗದ್ದ ಮೇಲಿತ್ತು, ಕಣ್ಣು ನೇರ ಇತ್ತು. ಈಗ ಅಷ್ಟು ಜನರ ನಡುವೆ ಅಂಟಿಸಿದ ಮೀಸೆ ಹೊತ್ತು ಕುಗ್ಗಿ, ಪರದೆಯನ್ನೇ ಸರಿಯಾಗಿ ನೋಡದೆ ನಿಂತಿದ್ದರು. ತಿರುಪತಿಯಿಂದ ಬಂದ ಮೇಲೆ ಅವರು ಹಾಗೆಯೇ ಓಡಾಡುತ್ತಿದ್ದರು ಎಂಬುದು ನನಗೆ ಆಗ ಅರಿವಾಯಿತು. ಮೀಸೆ ಹೋದ ಸಂಕಟವನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾಲ್ಕು ಜನರ ಮುಂದೆ ಗಂಡನನ್ನು ಹೊಗಳಿ ನನಗೆ ಅಭ್ಯಾಸವಿಲ್ಲ. ಆದರೂ ಹೇಳಿದೆ. "ಯಾಕ್ರೀ ಹಿಂಗೆ ತಲೆ ತಗ್ಗಿಸ್ಕೊಂಡು ನಿಂತಿದೀರಾ? ನೀವೇನು ಕದ್ದು ಬಂದಿದೀರಾ? ಹರಕೆ ಹೊತ್ತಿದ್ದು ನಾನು, ಹಟ ಮಾಡ್ದೆ ಹೋಗಿ ತಲೆ ಕೊಟ್ಟೋರು ನೀವು. ಮಗಳಿಗೋಸ್ಕರ ಮೀಸೆ ಕೊಟ್ಟ ಗಂಡಸು ಈ ತಾಲ್ಲೂಕಲ್ಲಿ ಇನ್ನೊಬ್ರು ಇದ್ರೆ ತೋರಿಸ್ಲಿ. ತಲೆ ಎತ್ರಿ."

ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಎದೆ ಸೆಟೆಸಿ, ಗದ್ದ ಎತ್ತಿ ಪರದೆಯ ಮುಂದೆ ನಿಂತರು.

"ನಮಸ್ಕಾರ ರಾಮಾಂಜಿನಪ್ಪ ಅವರೇ, ತಮಗೆ ಸ್ವಾಗತ."

ಬಾಗಿಲು ತೆರೆಯಿತು. ಚೈತ್ರ ಚಪ್ಪಾಳೆ ತಟ್ಟಿ ಕುಣಿದಳು. ಸೆಕ್ಯುರಿಟಿಯವನು ಇವರಿಗೊಂದು ಸೆಲ್ಯೂಟ್ ಹೊಡೆದ. ಮುನಿಯಪ್ಪನವರು ಮಾತ್ರ ತಣ್ಣಗೆ, "ಬೆವರಬೇಡಿ, ಅಂಟು ಬಿಟ್ಕೊಳ್ಳುತ್ತೆ" ಎಂದರು. ನಾವು ಸರ ಮತ್ತು ಡಾಬನ್ನು ತೆಗೆದುಕೊಂಡು ಹೊರಬರುವಾಗ ಸ್ಟ್ರಾಂಗ್ ಟೀ, ಸಕ್ಕರೆ ಕಡಿಮೆ, ಸಿದ್ಧವಾಗಿತ್ತು. ಅಷ್ಟು ಅವಸರದಲ್ಲೂ ನಮ್ಮನೆಯವರು ಮೀಸೆ ನೆನೆಯದಂತೆ ಬಟ್ಟಲನ್ನು ವಾರೆ ಹಿಡಿದು ಕುಡಿದೇ ಬಂದರು.

ಆ ಸಂಜೆ ರಶ್ಮಿ ಅಜ್ಜಿಯ ಸರ ಹಾಕಿಕೊಂಡು, ಒಂದೊಂದು ಕಾಸನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಾ ಕಣ್ಣು ತುಂಬಿಕೊಂಡಳು. ನಮ್ಮನೆಯವರು ವಿಗ್ಗು, ಮೀಸೆ ಬಿಚ್ಚಿರಲಿಲ್ಲ; ಶುಕ್ರವಾರವಷ್ಟೇ ಬೋಳುತಲೆ ಕಂಡಿದ್ದ ಬೀಗರು, ಅಪ್ಪನ ಮೀಸೆ ಒಂದೇ ದಿನದಲ್ಲಿ ಬೆಳೆದದ್ದು ಕಂಡು ಬೆರಗಾದರು. ಮರುದಿನ ಧಾರೆಯ ಹೊತ್ತಿಗೆ ನಮ್ಮನೆಯವರು ವಿಗ್ಗನ್ನೂ ಮೀಸೆಯನ್ನೂ ತೆಗೆದಿಟ್ಟು, ತಿಮ್ಮಪ್ಪ ಕೊಟ್ಟ ಬೋಳುತಲೆಯಲ್ಲೇ ಮಗಳ ಕೈ ಹಿಡಿದು ಧಾರೆ ಎರೆದರು. ಊಟದ ಮೊದಲ ಪಂಕ್ತಿಯಲ್ಲಿ ಮುನಿಯಪ್ಪನವರೂ ಚೈತ್ರಳೂ ಕೂತಿದ್ದರು.

ಮದುವೆಯ ಗಲಾಟೆ ಮುಗಿದ ಮೇಲೆ ಹೊಸ ಮುಖ ದಾಖಲಿಸಲು ಇಬ್ಬರೂ ಹೋದೆವು. ಈ ಸಲ ನಾನು ಎಣ್ಣೆತಲೆ ಎಂದು ನೆಪ ಹೇಳಲಿಲ್ಲ. ಚೈತ್ರ ನನ್ನ ಅರ್ಜಿ ತುಂಬುತ್ತಾ, "ಗುರುತಿನ ಚಿಹ್ನೆ ಏನಾದ್ರೂ ಇದ್ರೆ ಹೇಳಿ ಆಂಟಿ" ಎಂದಳು. ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ನಮ್ಮನೆಯವರು ತಲೆ ಎತ್ತದೆ, "ಬಲಗಡೆ ಹುಬ್ಬಿನ ತುದೀಲಿ ಸಣ್ಣ ಗಾಯದ ಗುರುತಿದೆ ನೋಡಮ್ಮ. ಮದುವೆಯಾದ ವರ್ಷ ಹಸು ಕೊಂಬಲ್ಲಿ ತಿವಿದಿದ್ದು. ಎಡಗಿವಿ ಹಿಂದೆ ಒಂದು ಮಚ್ಚೆ ಇದೆ, ಎಳ್ಳಿನಷ್ಟು" ಎಂದರು.

ಹುಬ್ಬಿನ ಗಾಯ ನನಗೆ ಮರೆತೇಹೋಗಿತ್ತು. ಕಿವಿಯ ಹಿಂದಿನ ಮಚ್ಚೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಚೈತ್ರ ಎದ್ದು ಬಂದು ನನ್ನ ಕಿವಿಯ ಹಿಂದೆ ನೋಡಿ, "ಇದೆ ಆಂಟಿ" ಎಂದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಈಗ ಇವರಿಗೆ ಮೀಸೆ ಮತ್ತೆ ಬೆಳೆದಿದೆ. ದಿನಾ ಬೆಳಿಗ್ಗೆ ಟೀ ಕೊಡುವಾಗ ಒಂದು ನಿಮಿಷ ನಿಂತು ಆ ಮುಖವನ್ನು ನೋಡುತ್ತೇನೆ. "ಏನೇ, ಹಂಗೆ ನೋಡ್ತೀಯ?" ಎಂದು ಕೇಳುತ್ತಾರೆ. ಏನಿಲ್ಲ ಬಿಡಿ ಎನ್ನುತ್ತೇನೆ, ಆದರೂ ನೋಡುತ್ತೇನೆ.